ಹಿಂದಕ್ಕೆ ತಿರುಗಿದ ಚುಕ್ಕಿ

ಪರದೆಯ ಮೇಲೆ ಮೆಟ್ಟಿಲು ಹತ್ತುತ್ತಿದ್ದ ಚುಕ್ಕಿಗಳಲ್ಲಿ ಒಂದು ಮೇಲಿನ ತುದಿ ಮುಟ್ಟಿ, ಅರೆಗಳಿಗೆ ನಿಂತು, ಹಿಂದಕ್ಕೆ ತಿರುಗಿತು. ಹತ್ತುವವರ ನಡುವೆ ಸಂದು ಮಾಡಿಕೊಳ್ಳುತ್ತ, ಒಮ್ಮೆ ಗೋಡೆಗೆ ಒತ್ತಿಕೊಂಡು, ಒಮ್ಮೆ ಯಾರದೋ ಬೆನ್ನ ಹಿಂದೆ ಸರಿದು ಕೆಳಕ್ಕೆ ಇಳಿಯತೊಡಗಿತು. ಟೀಚರ್ ಕೈಯಲ್ಲಿದ್ದ ಚಹಾದ ಲೋಟವನ್ನು ಮೇಜಿನ ಮೇಲಿಟ್ಟಳು. ಅವಳ ಲೆಕ್ಕದಲ್ಲಿ ಹೀಗೆ ಮಾಡುವ ಚುಕ್ಕಿ ಇರಲೇಬಾರದಿತ್ತು.

ಟೀಚರ್ ಎಂಬುದು ಆಫೀಸಿನವರು ಇಟ್ಟ ಹೆಸರು. ಈ ಕೆಲಸಕ್ಕೆ ಸೇರುವ ಮೊದಲು ಕೆಲವು ವರ್ಷ ಅವಳು ಶಾಲೆಯಲ್ಲಿ ಗಣಿತ ಹೇಳಿಕೊಟ್ಟಿದ್ದಳು. ಈಗಲೂ ಏನನ್ನಾದರೂ ವಿವರಿಸುವಾಗ ಅವಳ ಬಲಗೈ ಸೀಮೆಸುಣ್ಣ ಹಿಡಿದಂತೆ ಗಾಳಿಯಲ್ಲಿ ಆಡುತ್ತಿತ್ತು. ಇಲ್ಲಿ ಅವಳ ಕೆಲಸ ಕಂಪ್ಯೂಟರಿನೊಳಗೆ ಜನರನ್ನು ನಡೆಸುವುದು. ಒಂದು ಕಟ್ಟಡದ ಬಾಗಿಲು, ಓಣಿ, ಮೆಟ್ಟಿಲುಗಳನ್ನೆಲ್ಲ ಅಳತೆಗೆ ತಕ್ಕಂತೆ ಪರದೆಯ ಮೇಲೆ ಬರೆದು, ಜನರ ಬದಲು ಚುಕ್ಕಿಗಳನ್ನು ಬಿಡುವುದು. ಒಂದೊಂದು ಚುಕ್ಕಿಗೂ ಹೋಗಬೇಕಾದ ಜಾಗ, ನಡಿಗೆಯ ವೇಗ, ಪಕ್ಕದವರಿಗೆ ತಾಗದೆ ನಡೆಯುವ ಆಸೆ ಇವಿಷ್ಟನ್ನು ಕೊಡುವುದು. ಆಮೇಲೆ ಕೈಕಟ್ಟಿ ಕುಳಿತು ನೋಡುವುದು. ಎಲ್ಲಿ ಸಿಕ್ಕಿಕೊಳ್ಳುತ್ತವೆ, ಎಲ್ಲಿ ಸಲೀಸಾಗಿ ಹರಿಯುತ್ತವೆ ಎಂಬುದು ಹಾಗೆ ತಿಳಿಯುತ್ತಿತ್ತು. ಮನೆ ಕಟ್ಟುವ ಮೊದಲೇ ಯಾರ ತಲೆ ಯಾವ ಬಾಗಿಲಿಗೆ ಬಡಿಯುತ್ತದೆಂದು ನೋಡಿಕೊಂಡ ಹಾಗೆ.

ಈ ಸಲದ ಕೆಲಸ ಊರಿನ ರೈಲು ನಿಲ್ದಾಣದ್ದು. ಪ್ಲಾಟ್‌ಫಾರಂಗಳ ಅಡಿಯಲ್ಲಿ ಒಂದು ಸುರಂಗ ದಾರಿ, ಅದರ ಕೊನೆಯಲ್ಲಿ ರಸ್ತೆಗೆ ಹತ್ತುವ ಮೆಟ್ಟಿಲುಗಳು. ಬೆಳಗಿನ ಹೊತ್ತು ರೈಲಿನಿಂದ ಇಳಿದವರು ಹತ್ತುತ್ತಾರೆ, ರೈಲು ಹಿಡಿಯುವವರು ಇಳಿಯುತ್ತಾರೆ. ಹಿಂದಿನ ವರ್ಷ ಎರಡು ಗುಂಪುಗಳು ಮೆಟ್ಟಿಲ ನಡುವೆ ಎದುರುಬದುರಾಗಿ ಒಬ್ಬ ಹೆಂಗಸು ಕಾಲು ತಪ್ಪಿದ್ದಳು. ಅವಳ ಮೇಲೆ ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು. ಜೀವ ಹೋಗಲಿಲ್ಲ, ಆದರೆ ಉಸಿರು ಕಟ್ಟಿದವರ ಮುಖವನ್ನು ಕಂಡಿದ್ದ ಸ್ಟೇಷನ್ ಮಾಸ್ತರರಿಗೆ ಬಹಳ ದಿನ ಊಟ ಸೇರಿರಲಿಲ್ಲವಂತೆ. ಟೀಚರಳ ಚುಕ್ಕಿಗಳು ಹೇಳಿದ ಉತ್ತರ ಸರಳವಾಗಿತ್ತು: ಮೆಟ್ಟಿಲ ನಡುವೆ ಉದ್ದಕ್ಕೂ, ಮೇಲೆ ರಸ್ತೆಯ ಅಂಚಿನಲ್ಲೂ ದೂರದವರೆಗೆ ಕಬ್ಬಿಣದ ಕಂಬಿ ಹಾಕಿ, ಹತ್ತುವವರು ಒಂದು ಕಡೆ, ಇಳಿಯುವವರು ಒಂದು ಕಡೆ. ಕಂಬಿ ಹಾಕಿದ ಮಾದರಿಯಲ್ಲಿ ಚುಕ್ಕಿಗಳು ಎರಡು ಸಾಲು ಇರುವೆಗಳ ಹಾಗೆ ಅಚ್ಚುಕಟ್ಟಾಗಿ ಸಾಗಿದ್ದವು. ವರದಿ ಹೋಗಿತ್ತು. ಮೆಚ್ಚುಗೆ ಬಂದಿತ್ತು. ಕಂಬಿಗಳೂ ಬಂದು ನಿಲ್ದಾಣದ ಹಿತ್ತಲಲ್ಲಿ ಬಿದ್ದಿದ್ದವು. ಮುಂದಿನ ವಾರ ಕೂರಿಸುವುದೊಂದೇ ಬಾಕಿ.

ಇವತ್ತು ಅವಳು ಬರೀ ಚಿತ್ರ ಹುಡುಕುತ್ತಿದ್ದಳು. ಕಂಬಿ ಕೂರಿಸುವ ಮುನ್ನ ನಿಲ್ದಾಣದವರಿಗೆ ತೋರಿಸಲು ಒಂದು ಕಡೆ ನಿಜವಾದ ಜನ, ಇನ್ನೊಂದು ಕಡೆ ಕಂಪ್ಯೂಟರಿನ ಜನ, ಎರಡನ್ನೂ ಅಕ್ಕಪಕ್ಕ ಇಡಬೇಕಿತ್ತು. ನಿಜವಾದ ಜನರೆಂದರೂ ಅವರೂ ಚುಕ್ಕಿಗಳೇ. ಮೆಟ್ಟಿಲ ಮೇಲಿನ ಚಾವಣಿಯಲ್ಲಿದ್ದ ಕ್ಯಾಮೆರಾಗಳು ಮುಖವನ್ನು ಉಳಿಸಿಕೊಳ್ಳುತ್ತಿರಲಿಲ್ಲ, ತಲೆಯೊಂದು ಎಲ್ಲಿಂದ ಎಲ್ಲಿಗೆ ಹೋಯಿತೆಂಬ ಗೆರೆಯನ್ನಷ್ಟೇ ಉಳಿಸುತ್ತಿದ್ದವು. ಆ ಗೆರೆಗಳನ್ನು ಶುಚಿ ಮಾಡಿ ಒಂದು ಕಡೆ ಇಟ್ಟಿರುತ್ತಿದ್ದರು. ಟೀಚರ್ ಆತುರದಲ್ಲಿ ಶುಚಿ ಮಾಡದ ಕಡತವನ್ನು ತೆರೆದುಬಿಟ್ಟಿದ್ದಳು.

"ಅದು ತಲೆ ಅದಲುಬದಲು, ಟೀಚರ್," ಎಂದ ಪಕ್ಕದ ಮೇಜಿನವನು. ಕ್ಯಾಮೆರಾದ ಗೆರೆಗಳನ್ನು ಶುಚಿ ಮಾಡುತ್ತಿದ್ದವನು ಅವನೇ, ಆದ್ದರಿಂದ ಅವನು ಕ್ಯಾಮೆರಾದವನು. ಎರಡು ತಲೆಗಳು ಹತ್ತಿರ ಹತ್ತಿರ ಹಾದುಹೋದರೆ ಯಂತ್ರಕ್ಕೆ ಗೊಂದಲವಾಗುತ್ತದೆ; ಹತ್ತುವವನ ಗೆರೆಯನ್ನು ಇಳಿಯುವವನಿಗೆ ಅಂಟಿಸಿಬಿಡುತ್ತದೆ. ನೋಡುವವರಿಗೆ ಒಬ್ಬನೇ ಹಿಂದಕ್ಕೆ ತಿರುಗಿದ ಹಾಗೆ ಕಾಣುತ್ತದೆ. ಅದಕ್ಕೇ ಇಬ್ಬರೂ ಸೇರಿ ಶುರುವಿನಲ್ಲೇ ಒಂದು ನಿಯಮ ಬರೆದಿದ್ದರು: ಮೆಟ್ಟಿಲ ಮೇಲೆ ಹಿಂದಕ್ಕೆ ತಿರುಗಿದ ಗೆರೆಯೆಲ್ಲ ತಪ್ಪು, ತೆಗೆದುಹಾಕು. ತುಂಬ ಹೊತ್ತು ನಿಂತೇ ಇರುವ ಚುಕ್ಕಿ ಮನುಷ್ಯನಲ್ಲ, ಯಾರೋ ಬಿಟ್ಟ ಪೆಟ್ಟಿಗೆಯೋ ಕಸದ ಡಬ್ಬಿಯೋ, ಅದನ್ನೂ ತೆಗೆದುಹಾಕು. ಆಗ ಅದು ಜಾಣತನವಾಗಿಯೇ ಕಂಡಿತ್ತು.

ಟೀಚರ್ ಗೆರೆಯನ್ನು ಮೊದಲಿನಿಂದ ಓಡಿಸಿ ಅವನಿಗೆ ತೋರಿಸಿದಳು. ಚುಕ್ಕಿ ಹತ್ತಿತು, ತಿರುಗಿತು, ಇಳಿಯಿತು. ಕೆಳಗೆ ಗೋಡೆಯ ಪಕ್ಕ ಎರಡು ಚುಕ್ಕಿಗಳು ಅಲುಗದೆ ನಿಂತಿದ್ದವು. ಇದು ಬಂದು ಅವುಗಳ ಹತ್ತಿರ ನಿಂತ ಕೂಡಲೇ ಆ ಎರಡರಲ್ಲಿ ಒಂದು ಸರಸರನೆ ಮೇಲಕ್ಕೆ ಹೊರಟುಹೋಯಿತು. ಉಳಿದೆರಡು ಒಂದಕ್ಕೊಂದು ಅಂಟಿಕೊಂಡು ನಿಧಾನವಾಗಿ ಹತ್ತಿದವು.

"ಅದಲುಬದಲು ಆದರೆ ಹೀಗೆ ಜೋಡಿಯಾಗಿ ಬರ್ತವಾ?" ಎಂದು ಕೇಳಿದಳು.

"ಏನೋ ಮರೆತು ವಾಪಸ್ ಹೋಗಿರಬೇಕು."

ಅವಳು ಇನ್ನೊಂದು ದಿನದ ಗೆರೆಗಳನ್ನು ತೆರೆದಳು, ಮತ್ತೊಂದು ವಾರದವನ್ನೂ ತೆರೆದಳು. "ಮಂಗಳವಾರ ಶುಕ್ರವಾರ ಮಾತ್ರ ಮರೀತಾರಾ?"

ಅವನು ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕುಳಿತ. ಊಟದ ಡಬ್ಬಿ ಬಿಚ್ಚಿದವನು ಮುಚ್ಚಳ ಕೈಯಲ್ಲಿ ಹಿಡಿದು ಹಾಗೇ ನೋಡುತ್ತಿದ್ದ. ಕಸವೆಂದು ಎತ್ತಿಟ್ಟಿದ್ದ ಗೆರೆಗಳಲ್ಲಿ ಅನೇಕ ನಿಜಕ್ಕೂ ಕಸವೇ, ಯಂತ್ರದ ಗೊಂದಲ. ಆದರೆ ಎಲ್ಲವೂ ಅಲ್ಲ. ಒಂದು ಚುಕ್ಕಿ ಮೇಲೆ ಹೋಗಿ, ಇಳಿದು, ಇನ್ನೊಂದರ ಪಕ್ಕ ನಿಂತು, ಮತ್ತೆ ಹತ್ತಿ, ಮೇಲಿನಿಂದ ಮತ್ತೊಮ್ಮೆ ಇಳಿದಿತ್ತು. ಇದಕ್ಕೇನು ಅರ್ಥ ಎಂದು ಇಬ್ಬರೂ ತಲೆ ಕೆರೆದುಕೊಂಡರು. ಕಳ್ಳನಿರಬಹುದೆಂದು ಅವನು, ಪ್ರೇಮಿಯಿರಬಹುದೆಂದು ಅವಳು. ಕಳ್ಳನಾದರೆ ಅಷ್ಟು ನಿಧಾನ ಹೋಗುವುದಿಲ್ಲ, ಪ್ರೇಮಿಯಾದರೆ ಅಷ್ಟು ಬೇಗ ಹೋಗುವುದಿಲ್ಲ ಎಂದು ಅವನೇ ತೀರ್ಪು ಕೊಟ್ಟ.

ಮನೆಯಲ್ಲಿ ಅತ್ತೆ ಸೋಫಾದ ಮೇಲೆ ಕಾಲು ಚಾಚಿ ಕುಳಿತು ಲ್ಯಾಪ್‌ಟಾಪಿಗೆ ಇಣುಕಿದರು. ಗಂಡ ಒಳಗೆ ಪಾತ್ರೆ ತೊಳೆಯುತ್ತಿದ್ದ. ಅವಳು ಪರದೆ ಬಿಟ್ಟೇಳದ ದಿನಗಳಲ್ಲಿ ಅವನು ಏನೂ ಕೇಳದೆ ಆ ಕೆಲಸಕ್ಕೆ ಇಳಿದುಬಿಡುತ್ತಿದ್ದ. ಇವುಗಳಲ್ಲಿ ನಾನು ಯಾವುದು ಎಂಬುದು ಅತ್ತೆಯ ಯಾವಾಗಿನ ಪ್ರಶ್ನೆ. ಟೀಚರ್ ಯಾವುದೋ ಒಂದು ಚುಕ್ಕಿಯನ್ನು ತೋರಿಸಿದಳು. ಅದು ದಡದಡ ಮೆಟ್ಟಿಲು ಹತ್ತುವುದನ್ನು ಅತ್ತೆ ಮೆಚ್ಚಿಕೊಂಡು ನೋಡಿದರು.

"ನನ್ನ ಮಂಡಿಗೆ ಯಾವ ಎಣ್ಣೆ ಹಚ್ಚಿದೀಯ ಹೇಳು, ನಾನೂ ತರಿಸ್ಕೋತೀನಿ," ಎಂದರು.

ಮರುದಿನ ಬೆಳಗ್ಗೆ ಅವಳು ಆಫೀಸಿಗೆ ಹೋಗುವ ಬದಲು ನಿಲ್ದಾಣಕ್ಕೆ ಹೋದಳು. ಇಷ್ಟು ತಿಂಗಳು ಈ ಮೆಟ್ಟಿಲುಗಳ ಮೇಲೆ ಸಾವಿರಾರು ಜನರನ್ನು ಓಡಿಸಿದ್ದರೂ ಜನ ತುಂಬಿದ ಹೊತ್ತಿನಲ್ಲಿ ಅಲ್ಲಿ ತಾನು ಸುಮ್ಮನೆ ನಿಂತಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅಳತೆ ತೆಗೆಯಲು ಬಂದಿದ್ದಾಗ ಮೆಟ್ಟಿಲು ಖಾಲಿ ಇತ್ತು. ಈಗ ನಿಲ್ಲುವುದೂ ಸುಲಭವಿರಲಿಲ್ಲ. ಅಲ್ಲಿದ್ದ ಕಾವಲುಗಾರ ಸೀಟಿಯನ್ನು ತುಟಿಯ ಮೂಲೆಯಲ್ಲಿ ಕಚ್ಚಿಕೊಂಡು, "ನಡೀರಿ ನಡೀರಿ, ನಿಲ್ಲಬೇಡಿ," ಎನ್ನುತ್ತಿದ್ದ. ಹಾಗೆನ್ನುವುದು ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ ಜನವಿಲ್ಲದಾಗ ಕಂಬಕ್ಕೂ ಹೇಳುತ್ತಿದ್ದ. ಟೀಚರ್ ತನ್ನ ಗುರುತಿನ ಚೀಟಿ ತೋರಿಸಿದ ಮೇಲೆ ಅವಳನ್ನು ಕಂಬದ ಮರೆಗೆ ನಿಲ್ಲಿಸಿ, ಬೀಳಬೇಡಿ ಎಂದಷ್ಟೇ ಹೇಳಿದ.

ಮೇಲಿನಿಂದ ನೋಡುವುದಕ್ಕೂ ಪಕ್ಕದಿಂದ ನೋಡುವುದಕ್ಕೂ ಎಷ್ಟು ವ್ಯತ್ಯಾಸ. ಚುಕ್ಕಿಗೆ ಕೈಯಿರಲಿಲ್ಲ. ಇಲ್ಲಿ ಎಲ್ಲರ ಕೈಯಲ್ಲೂ ಏನೋ ಒಂದು. ಮೇಲೆ ಹೋಗಿದ್ದ ಒಬ್ಬ ದಪ್ಪನೆಯ ಮನುಷ್ಯ, ಯಾರದೋ ಛತ್ರಿ ಬಿದ್ದದ್ದನ್ನು ಎತ್ತಿಕೊಂಡು, ಅದರ ಒಡತಿ ಕೆಳಗೆ ಹೋಗುತ್ತಿದ್ದಾಳೆಂದು ತಿಳಿದು ಹಿಂದಕ್ಕೆ ಇಳಿದ. ಒಂದು ಹುಡುಗಿ ಅರ್ಧ ಹತ್ತಿ, ತಂದೆ ಬೂಟಿನ ಲೇಸು ಕಟ್ಟಲು ನಿಂತದ್ದು ಕಂಡು ಇಳಿದು ಬಂದು ಅವನ ಚೀಲ ಹಿಡಿದುಕೊಂಡಳು. ಎರಡು ಸಲ ಹತ್ತಿ ಎರಡು ಸಲ ಇಳಿದ ಆ ವಿಚಿತ್ರ ಚುಕ್ಕಿಯೂ ಕಾಣಿಸಿತು. ಅವನು ಕಳ್ಳನೂ ಅಲ್ಲ, ಪ್ರೇಮಿಯೂ ಅಲ್ಲ. ರೈಲು ಹಿಡಿಯಲು ಹೊರಟ ಮೇಸ್ತ್ರಿಯೊಬ್ಬ ಮಗುವನ್ನು ತಳ್ಳುಗಾಡಿಯಲ್ಲಿ ತಂದಿದ್ದ ತಾಯಿಗೆ ಗಾಡಿಯನ್ನು ಮೇಲಕ್ಕೆ ಎತ್ತಿಕೊಟ್ಟು ಬಂದ. ಬಂದರೆ ಕೆಳಗೆ ಇನ್ನೊಂದು ಗಾಡಿ. ಅವನು ಒಂದು ನಿಟ್ಟುಸಿರು ಬಿಟ್ಟು ಅದನ್ನೂ ಎತ್ತಿದ. ಟೀಚರಿಗೆ ನಗು ಬಂತು. ಆಫೀಸಿಗೆ ಹೋಗಿ ಕ್ಯಾಮೆರಾದವನಿಗೆ ಹೇಳಬೇಕೆಂದು ಮನಸ್ಸು ತುದಿಗಾಲಲ್ಲಿ ನಿಂತಿತು.

ಶುಕ್ರವಾರ ಅವಳು ಮೆಟ್ಟಿಲ ಬುಡದಲ್ಲೇ ನಿಂತಳು. ರೈಲು ಬಂದ ಸ್ವಲ್ಪ ಹೊತ್ತಿಗೆ ನಡುವಯಸ್ಸಿನ ಒಬ್ಬ ಹೆಂಗಸು ತನ್ನ ತಾಯಿಯನ್ನು ಮಡಿಸುವ ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದಳು. ತಾಯಿಯನ್ನು ಎಬ್ಬಿಸಿ ಗೋಡೆಗೆ ಆನಿಸಿ ನಿಲ್ಲಿಸಿದಳು. ಕುರ್ಚಿಯನ್ನು ಮಡಿಸಿ ಹೆಗಲಿಗೆ ಏರಿಸಿಕೊಂಡು ಜನರ ಜೊತೆ ಹತ್ತಿದಳು. ಅವಳು ಮೇಲೆ ಹೋಗುವಷ್ಟರಲ್ಲಿ, ಟೈ ಕಟ್ಟಿದ್ದ ಒಬ್ಬ ತರುಣ ನಡೆಯುತ್ತಿದ್ದವನು ನಿಂತು, ಆ ಮುದುಕಿಯ ಪಕ್ಕ ಗೋಡೆಗೆ ಬೆನ್ನು ಕೊಟ್ಟು, ಫೋನು ನೋಡತೊಡಗಿದ. ಒಂದು ಮಾತೂ ಆಡಲಿಲ್ಲ. ಜನರ ಚೀಲ ಅವಳಿಗೆ ತಾಗುವಂತಾದಾಗ ಮೊಣಕೈಯನ್ನು ಸ್ವಲ್ಪ ಮುಂದೆ ಚಾಚುತ್ತಿದ್ದ, ಅಷ್ಟೆ. ಮಗಳು ಇಳಿದು ಬರುವುದು ಕಂಡದ್ದೇ ತಡ, ಏನೂ ಆಗಲಿಲ್ಲವೆಂಬಂತೆ ಹೊರಟುಹೋದ.

ತಾಯಿ ಮಗಳು ಮೇಲೆ ಸೇರಿದ ಮೇಲೆ ಟೀಚರ್ ಅವರನ್ನು ಮಾತಾಡಿಸಿದಳು. ಅವನು ನಿಮ್ಮ ಕಡೆಯವನೇ ಎಂದು ಕೇಳಿದಳು.

"ಇಲ್ಲಮ್ಮ, ಯಾರೋ," ಎಂದಳು ಮುದುಕಿ. "ಹೋದ ಸಲ ಒಂದು ಹುಡುಗಿ ನಿಂತಿದ್ದಳು. ಅವಳು ಮಾತಿನ ಮಲ್ಲಿ. ಇವನಿಗೆ ಪಾಪ ನಾಚಿಕೆ. ನಾನು ಯಾರನ್ನೂ ಕರೆಯೋದಿಲ್ಲ. ನಿಂತವರನ್ನ ಹೋಗು ಅನ್ನೋದೂ ಇಲ್ಲ."

ವಾರಕ್ಕೆ ಎರಡು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಲಿಫ್ಟ್ ಇರುವುದು ನಿಲ್ದಾಣದ ಆಚೆ ತುದಿಯಲ್ಲಿ. ಅಲ್ಲಿಂದ ಹೊರಬಿದ್ದರೆ ಇಡೀ ನಿಲ್ದಾಣವನ್ನು ಸುತ್ತಿಕೊಂಡು ಬರಬೇಕು, ಅಷ್ಟರಲ್ಲಿ ಯಂತ್ರದ ಸರದಿ ಬೇರೆಯವರಿಗೆ ಹೋಗುತ್ತದೆ. ಮೊದಲು ಅಮ್ಮನನ್ನು ಹತ್ತಿಸಿದರೆ ಮೇಲೆ ರಸ್ತೆಯ ಅಂಚಿನಲ್ಲಿ ಕೂರಲು ಜಾಗವಿಲ್ಲ, ಅದಕ್ಕೇ ಕುರ್ಚಿ ಮೊದಲು. ಮಗಳು ಇದನ್ನೆಲ್ಲ ಮಾರ್ಗ ತೋರಿಸುವವಳಂತೆ ಚುರುಕಾಗಿ ಹೇಳಿ, ಆಮೇಲೆ ಕೇಳಿದಳು: "ಇಲ್ಲಿ ಕಂಬಿ ಬರುತ್ತಂತಲ್ಲ ಮೇಡಂ, ನಿಜಾನಾ? ಕಂಬಿ ಬಂದರೆ ನಾನು ಕೆಳಗೆ ಬರೋದು ಹೇಗೆ?"

ಬರುತ್ತದಂತೆ ಎಂದಷ್ಟೇ ಟೀಚರ್ ಹೇಳಿದಳು. ಹಾಕಿಸುತ್ತಿರುವವಳು ತಾನೇ ಎಂದು ಹೇಳಿಕೊಳ್ಳಲಿಲ್ಲ.

ಆ ಮಧ್ಯಾಹ್ನವೇ ಅವಳು ತೆಗೆದುಹಾಕಿದ್ದ ಚುಕ್ಕಿಗಳನ್ನು ಮಾದರಿಯೊಳಗೆ ವಾಪಸ್ ಸೇರಿಸಲು ಕುಳಿತಳು. ಅದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಅವಳ ಚುಕ್ಕಿಗಳಿಗೆ ಮುಂದೆ ಹೋಗುವುದೊಂದೇ ಗೊತ್ತಿತ್ತು. ಹಿಂದಕ್ಕೆ ಹೋಗಬೇಕಾದರೆ ಯಾರಿಗಾಗಿ ಹೋಗಬೇಕು? ಒಂದು ಚುಕ್ಕಿಗೆ ಇನ್ನೊಂದು ಏನಾದರೂ ಆಗಬೇಕು. ಅವಳು ಕೆಲವು ಚುಕ್ಕಿಗಳ ನಡುವೆ ಕಣ್ಣಿಗೆ ಕಾಣದ ದಾರಗಳನ್ನು ಕಟ್ಟಿದಳು. ದಾರ ಹೆಚ್ಚು ಉದ್ದವಾದರೆ ಮುಂದಿನದು ತಿರುಗಬೇಕು.

"ಈಗ ಇವಕ್ಕೆ ಮದುವೆ ಬೇರೆ ಮಾಡಿಸ್ತೀರಾ ಟೀಚರ್?" ಎಂದು ಕ್ಯಾಮೆರಾದವನು ಕೇಳಿದ.

ದಾರ ಕಟ್ಟಿದ್ದಾಯಿತು. ಟೈ ಕಟ್ಟಿದವನದೇ ತೊಡಕು. ಅವನಿಗೂ ಮುದುಕಿಗೂ ನಡುವೆ ಯಾವ ದಾರ? ಅವನು ನಿಂತದ್ದಾದರೂ ಏಕೆ, ಅವನ ಮುಂದಿನವನು ನಿಲ್ಲದೆ ಹೋದದ್ದಾದರೂ ಏಕೆ? ಅದಕ್ಕೊಂದು ಸೂತ್ರ ಬರೆಯಲು ಹೋಗಿ ಮೂರು ಸಲ ಅಳಿಸಿದಳು. ಕೊನೆಗೆ ಸೋತು, ಯಾರು ಎಂದು ಗೊತ್ತುಮಾಡದೆ, ಹಾದುಹೋಗುವವರಲ್ಲಿ ಆಗೊಬ್ಬ ಈಗೊಬ್ಬ ನಿಲ್ಲುವಂತೆ ಬಿಟ್ಟಳು. ನಿಜದ ಗೆರೆಗಳಿಗೆ ಅದೇ ಹೆಚ್ಚು ಹತ್ತಿರವಾಗಿತ್ತು.

ಕಂಬಿಯಿಲ್ಲದ ಮೆಟ್ಟಿಲ ಮೇಲೆ ಹಿಂದಕ್ಕೆ ತಿರುಗಿದ ಚುಕ್ಕಿಯನ್ನು ಉಳಿದವು ನೀರು ಬಂಡೆಯನ್ನು ಬಳಸುವಂತೆ ಬಳಸಿಕೊಂಡು ಹೋದವು. ತೊಡಕಾಗಲಿಲ್ಲವೆಂದಲ್ಲ, ಆದರೂ ಬಿಡಿಸಿಕೊಂಡವು. ಆಮೇಲೆ ಅವಳು ಕಂಬಿ ಹಾಕಿದಳು. ಇರುವೆ ಸಾಲುಗಳು ಹಿಂದಿನಂತೆಯೇ ಚೆಂದವಾಗಿ ಹೊರಟವು. ಒಂದು ಚುಕ್ಕಿ ತಿರುಗಿತು. ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ. ಹಿಂದಿನವು ಒತ್ತಿದವು, ಅವುಗಳ ಹಿಂದಿನವು ಇನ್ನೂ ಒತ್ತಿದವು, ಹಸಿರು ಚುಕ್ಕಿಗಳು ಹಳದಿಯಾಗಿ, ಹಳದಿಯವು ಕೆಂಪಾದವು. ಕೆಂಪೆಂದರೆ ಉಸಿರಾಡಲು ಆಗದಷ್ಟು ಒತ್ತಡ. ಇನ್ನೊಮ್ಮೆ ಓಡಿಸಿದಳು. ಬೇರೆ ಕಡೆ, ಬೇರೆ ಚುಕ್ಕಿ, ಅದೇ ಕೆಂಪು.

ಆಫೀಸಿನ ಮುಖ್ಯಸ್ಥರು ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. ಅವರು ಕೂಗಾಡುವವರಲ್ಲ, ಬೇಸರವಾದರೆ ಕನ್ನಡಕ ತೆಗೆದು ಒರೆಸುವವರು. ಬಹಳ ಹೊತ್ತು ಒರೆಸಿದರು. ಹಿಂದಕ್ಕೆ ತಿರುಗಬಾರದೆಂದು ಬೋರ್ಡು ಬರೆಸೋಣ, ಕಾವಲುಗಾರನಿಗೆ ಹೇಳೋಣ ಎಂದರು. ಬೋರ್ಡು ಓದಿ ತಾಯಿಯನ್ನು ಕೆಳಗೇ ಬಿಟ್ಟುಹೋಗುವವರು ಎಷ್ಟು ಮಂದಿ ಎಂದು ಟೀಚರ್ ಕೇಳಿದಳು. ಅದಕ್ಕೆ ಅವರು ಇನ್ನೊಂದು ಪ್ರಶ್ನೆ ಹಾಕಿದರು.

"ಸರಿ, ಕಂಬಿ ಬೇಡ ಅಂತೀವಿ. ನಾಳೆ ಮತ್ತೆ ಎದುರುಬದುರಾಗಿ ಯಾರಾದರೂ ಬಿದ್ದರೆ? ಆಗ ಯಾವ ಮುಖ ಇಟ್ಟುಕೊಂಡು ಅಲ್ಲಿಗೆ ಹೋಗೋದು?"

ಟೀಚರಿಗೂ ಅದೇ ಭಯ. ಮೊದಲ ವರದಿ ಸುಳ್ಳಾಗಿರಲಿಲ್ಲ. ಎದುರುಬದುರಾಗುವವರನ್ನು ಕಂಬಿ ನಿಜವಾಗಿಯೂ ಬೇರ್ಪಡಿಸುತ್ತಿತ್ತು. ಎರಡನೆಯದೂ ಸುಳ್ಳಲ್ಲ. ಈ ಎರಡರ ನಡುವೆ ಯಾವುದು ದೊಡ್ಡ ಅಪಾಯವೆಂದು ಹೇಳುವ ಸಂಖ್ಯೆಗಳು ಅವಳ ಹತ್ತಿರ ಇದ್ದವು, ಆದರೆ ಅವುಗಳೊಳಗೆ ಆ ಸೋತು ಬರೆದ ಸೂತ್ರವೂ ಇತ್ತು. ಅದನ್ನು ನಂಬಿ ಒಂದು ಊರಿನ ಮೆಟ್ಟಿಲನ್ನು ಬದಲಿಸುವುದೇ, ಬಿಡುವುದೇ? ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ಕಬ್ಬಿಣ ಕೂರಿಸುವ ಮೊದಲು ಒಂದು ಬೆಳಗ್ಗೆ ಅದೇ ಜಾಗದಲ್ಲಿ ಹಗ್ಗ ಕಟ್ಟಿ ನೋಡೋಣ.

ಮುಖ್ಯಸ್ಥರು ಕನ್ನಡಕ ಹಾಕಿಕೊಂಡು ತಾವೇ ಸ್ಟೇಷನ್ ಮಾಸ್ತರರಿಗೆ ಫೋನು ಮಾಡಿದರು. ಟೀಚರ್ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು. ಲೆಕ್ಕದಲ್ಲಿ ನಾವು ಕೆಲವು ಜನರನ್ನು ಬಿಟ್ಟಿದ್ದೇವೆ, ಎಂದರು. ಮಾತು ಮುಗಿಯುವವರೆಗೂ ನಾವು ಎಂದೇ ಹೇಳಿದರು. ಅವಳ ಹೆಸರು ಎತ್ತಲಿಲ್ಲ.

ಮಂಗಳವಾರ ಬೆಳಗ್ಗೆ ಮೆಟ್ಟಿಲ ನಡುವೆ, ಮೇಲಿನಿಂದ ಕೆಳಗಿನವರೆಗೆ, ಸೊಂಟದ ಎತ್ತರಕ್ಕೆ ದಪ್ಪ ಹಳದಿ ಹಗ್ಗ ಬಿಗಿದು, ಕಂಬಿ ಬರಬೇಕಿದ್ದಂತೆಯೇ ರಸ್ತೆಯ ಅಂಚಿನಲ್ಲೂ ದೂರದವರೆಗೆ ಎಳೆದಿದ್ದರು. ಆಧಾರಕ್ಕೆ ಅಲ್ಲಲ್ಲಿ ಗುಂಡುಪೀಠದ ಸಣ್ಣ ಕಂಬಗಳು. ಸ್ಟೇಷನ್ ಮಾಸ್ತರರು ತೆಳ್ಳಗಿನ ಮನುಷ್ಯ, ಹಿಂದಿನ ರಾತ್ರಿ ನಿದ್ದೆ ಮಾಡಿದವರಂತೆ ಕಾಣಲಿಲ್ಲ. ಅವರೂ ಮುಖ್ಯಸ್ಥರೂ ಮೇಲ್ತುದಿಯಲ್ಲಿ ನಿಂತರು. ಟೀಚರ್ ಮೆಟ್ಟಿಲ ನಡುವಿನ ಹಂತದಲ್ಲಿ ಗೋಡೆಗೆ ಒತ್ತಿಕೊಂಡು ನಿಂತಳು. ಕಾವಲುಗಾರನಿಗೆ ಕಟ್ಟುನಿಟ್ಟಾಗಿ ಹೇಳಲಾಗಿತ್ತು: ಇವತ್ತು ಇದು ಹಗ್ಗವಲ್ಲ, ಕಬ್ಬಿಣ. ಯಾರನ್ನೂ ದಾಟಲು ಬಿಡಕೂಡದು.

ಮೊದಲ ರೈಲಿನ ಜನ ಬಂದರು. ಹಗ್ಗ ಕಂಡು ಗೊಣಗಿದರು, ಆಮೇಲೆ ತಾವಾಗಿಯೇ ಎರಡಾಗಿ ಸೀಳಿಕೊಂಡರು. ಹತ್ತುವವರು ಹತ್ತಿದರು, ಇಳಿಯುವವರು ಇಳಿದರು. ಯಾರ ಭುಜವೂ ಯಾರಿಗೂ ತಾಗಲಿಲ್ಲ. ಮಾಸ್ತರರ ಮುಖ ಸಡಿಲವಾಯಿತು. ಮುಖ್ಯಸ್ಥರು ದೂರದಿಂದ ಟೀಚರಳ ಕಡೆ ನೋಡಿ ಹುಬ್ಬು ಏರಿಸಿದರು. ತನ್ನ ಹೊಸ ಲೆಕ್ಕವೇ ತಪ್ಪಾಗಿರಲಿ ಎಂದು ಅವಳಿಗೆ ಒಂದು ಗಳಿಗೆ ಆಸೆಯಾಯಿತು.

ಎರಡನೆಯ ರೈಲಿನಲ್ಲಿ ಮಗಳು ತಾಯಿಯನ್ನು ಕರೆತಂದಳು. ಹಗ್ಗ ನೋಡಿ ತಡೆದು ನಿಂತಳು. ಆದರೆ ಹಿಂದೆ ಜನ. ತಾಯಿಯನ್ನು ಗೋಡೆಗೆ ಆನಿಸಿ, ಕುರ್ಚಿ ಹೊತ್ತು ಹತ್ತಿದಳು. ಒಬ್ಬ ವಯಸ್ಸಾದ ಹೆಂಗಸು ಛತ್ರಿ ಊರಿ ತಾಯಿಯ ಪಕ್ಕ ನಿಂತಳು. ಮಗಳು ಮೇಲೆ ಕುರ್ಚಿಯಿಟ್ಟು ತಿರುಗಿದಳು. ಅವಳ ಎದುರಿಗೆ ಹತ್ತಿ ಬರುವವರ ಗೋಡೆ.

"ಈ ಕಡೆಯಿಂದ ಇಳಿಯೋ ಹಾಗಿಲ್ಲ," ಎಂದ ಕಾವಲುಗಾರ. "ಹಗ್ಗದ ತುದಿ ಬಳಸಿ ಆ ಕಡೆಯಿಂದ ಹೋಗಿ."

"ಅಷ್ಟು ಹೊತ್ತು ಅಮ್ಮ ನಿಲ್ಲೋದಿಲ್ಲ ಅಣ್ಣ."

ಅವನಿಗೂ ಅದು ಗೊತ್ತಿತ್ತು. ವಾರಕ್ಕೆ ಎರಡು ಸಲ ನೋಡುತ್ತಿದ್ದವನೇ. ಅವನು ಅಲ್ಲೇ ನಿಂತಿದ್ದ ಮಾಸ್ತರರ ಮುಖ ನೋಡಿ, ಸೀಟಿ ಊದಿದ. ಅವಳು ಒಂದು ಮೆಟ್ಟಿಲು ಕೆಳಗಿಳಿದಳು. ಹತ್ತುತ್ತಿದ್ದವರು ಅವಳಿಗೆ ಎದುರಾಗಿ ನಿಂತರು, ಹಿಂದಿನವರು ಅವರಿಗೆ ತಾಗಿದರು, ಕೆಳಗಿನಿಂದ ಏನಾಯಿತು ಏನಾಯಿತು ಎಂಬ ಮಾತು ಏರಿ ಬಂತು. ಟೀಚರಳ ಹಂತದಲ್ಲಿ ಒಬ್ಬನ ಚೀಲ ಅವಳ ಪಕ್ಕೆಲುಬಿಗೆ ಒತ್ತಿತು. ಪರದೆಯ ಮೇಲೆ ಚುಕ್ಕಿ ಹಳದಿಗೆ ತಿರುಗುತ್ತಿದ್ದ ಜಾಗವೇ ಇದು. ಅವಳು ಕೂಗಬೇಕೆಂದುಕೊಂಡಳು.

ಅಷ್ಟರಲ್ಲಿ ಆಚೆ ಬದಿಯಲ್ಲಿ ಇಳಿಯುತ್ತಿದ್ದವನೊಬ್ಬ, ಮಾತಾಡುತ್ತಿದ್ದ ಫೋನನ್ನು ಕಿವಿಯಿಂದ ತೆಗೆಯದೆಯೇ, ಇನ್ನೊಂದು ಕೈಯಿಂದ ಹಗ್ಗವನ್ನು ಎತ್ತಿದ. ಮಗಳು ಅದರಡಿ ನುಸುಳಿ ಆಚೆ ಹೋದಳು. ಇಳಿಯುವವರ ಜೊತೆ ಇಳಿದು ತಾಯಿಯನ್ನು ಸೇರಿದಳು. ಗಂಟು ಬಿಚ್ಚಿದಂತೆ ಹತ್ತುವವರು ಮತ್ತೆ ಚಲಿಸಿದರು. ಮುಖ್ಯಸ್ಥರು ಕನ್ನಡಕ ತೆಗೆದಿದ್ದರು, ಒರೆಸುವುದು ಮರೆತಿದ್ದರು.

ಆದರೆ ಅದು ಮುಗಿದಿರಲಿಲ್ಲ. ತಾಯಿ ಮಗಳು ಈಗ ಹತ್ತುವ ಬದಿಯಲ್ಲಿ, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಕೂಡಿಸುತ್ತ, ಬರತೊಡಗಿದ್ದರು. ಹಗ್ಗಕ್ಕೂ ಗೋಡೆಗೂ ನಡುವಿನ ಆ ಅರ್ಧ ಅಗಲದಲ್ಲಿ ಅವರಿಬ್ಬರನ್ನು ದಾಟಿ ಹೋಗಲು ಜಾಗವಿರಲಿಲ್ಲ. ಅವರ ಹಿಂದೆ ಇಡೀ ರೈಲಿನ ಜನ ತುಂಬಿಕೊಂಡು ನಿಂತರು. ತಾಯಿ ತಲೆ ತಗ್ಗಿಸಿ ಬೇಗ ಬೇಗ ಹತ್ತಲು ಹೋಗಿ ಮುಗ್ಗರಿಸಿದಳು. ಮಗಳ ಕೈ ಬಿಗಿಯಾಯಿತು. ಹಿಂದಿನಿಂದ ಒತ್ತಡ ಅಲೆಯಂತೆ ಒಮ್ಮೆ ಬಂತು, ಇನ್ನೊಮ್ಮೆ ಬಂತು. "ನಿಧಾನ ಅಮ್ಮ, ಅವಸರ ಇಲ್ಲ," ಎಂದು ಛತ್ರಿಯ ಹೆಂಗಸು ಹಿಂದಿನಿಂದ ಹೇಳಿದಳು. ಹೇಳುತ್ತಲೇ ಛತ್ರಿಯಿಂದ ಹಗ್ಗವನ್ನು ಮೇಲೆತ್ತಿ, ತನ್ನ ಹಿಂದಿನವರನ್ನು ಆಚೆಗೆ ಕಳಿಸಿದಳು. ಇಳಿಯುತ್ತಿದ್ದವರು ಒಂದಿಷ್ಟು ಗೋಡೆಯ ಕಡೆ ಸರಿದು ದಾರಿ ಕೊಟ್ಟರು. ಕೆಳಗಿನ ಮೆಟ್ಟಿಲಲ್ಲಿ ಇನ್ನೊಂದು ಕೈ ಹಗ್ಗ ಎತ್ತಿತು, ಅದರ ಕೆಳಗೆ ಮತ್ತೊಂದು. ಜನ ತಲೆ ಬಗ್ಗಿಸಿ ಆಚೆ ಹೋಗಿ, ತಾಯಿ ಮಗಳನ್ನು ದಾಟಿ, ಮೇಲೆ ಮತ್ತೆ ತಲೆ ಬಗ್ಗಿಸಿ ಈಚೆ ಬಂದರು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಟೀಚರ್ ಬಾಯಿ ತೆರೆದು ನೋಡುತ್ತಿದ್ದಳು. ಗಂಟು ಬೀಳುವುದನ್ನು ಅವಳ ಮಾದರಿ ಹೇಳಿತ್ತು. ಈ ಕೈಗಳನ್ನು ಹೇಳಿರಲಿಲ್ಲ. ಹೇಳುವಂತೆ ಬರೆಯುವುದು ಹೇಗೆಂದು ಅವಳಿಗೆ ಈಗಲೂ ಗೊತ್ತಿರಲಿಲ್ಲ. ಹೇಗೆ ಬರೆಯಬಹುದೆಂದು ಅವಳ ಬಲಗೈಯ ಬೆರಳುಗಳು ಆಗಲೇ ಗಾಳಿಯಲ್ಲಿ ಚಲಿಸತೊಡಗಿದ್ದವು.

ಸ್ಟೇಷನ್ ಮಾಸ್ತರರು ಕೆಲವು ಮೆಟ್ಟಿಲು ಇಳಿದು ಬಂದು ಅವಳ ಪಕ್ಕ ನಿಂತರು. ಅವರ ಮುಖ ಬಿಳಿಚಿಕೊಂಡಿತ್ತು.

"ಕಂಬಿ ಆಗಿದ್ದರೆ?" ಎಂದು ಕೇಳಿದರು.

ಅವಳು ತಲೆ ಅಲ್ಲಾಡಿಸಿದಳು. ಮಾಸ್ತರರು ತಮ್ಮ ಹಿಂದೆಯೇ ಇಳಿದು ಬಂದಿದ್ದ ಮುಖ್ಯಸ್ಥರ ಕಡೆ ತಿರುಗಿ, ಕಬ್ಬಿಣವನ್ನು ವಾಪಸ್ ಕಳಿಸುವ ವ್ಯವಸ್ಥೆ ಇವತ್ತೇ ಮಾಡುತ್ತೇನೆ, ಸದ್ಯಕ್ಕೆ ಹಗ್ಗವೇ ಇರಲಿ, ಪಕ್ಕದಲ್ಲಿ ಇನ್ನೊಬ್ಬ ಕಾವಲಿನವನನ್ನು ಹಾಕುತ್ತೇನೆ, ಮುಂದಿನದನ್ನು ನೀವು ಸರಿಯಾಗಿ ಲೆಕ್ಕ ಹಾಕಿ ಹೇಳಿ ಎಂದರು. ಸರಿಯಾಗಿ ಎಂಬ ಮಾತನ್ನು ಸ್ವಲ್ಪ ಒತ್ತಿಯೇ ಹೇಳಿದರು. ಹೊಸ ವರದಿಯನ್ನು ಮೊದಲಿನಿಂದ ಬರೆಯಬೇಕು. ಹಳೆಯದು ಏಕೆ ತಪ್ಪಾಯಿತೆಂಬುದನ್ನು ಮೊದಲ ಪುಟದಲ್ಲೇ ಬರೆಯಬೇಕು. ಅದು ತಾನೇ ಬರೆಯಬೇಕಾದ್ದು ಎಂದು ಟೀಚರ್ ಹೇಳಿದಳು. ಮುಖ್ಯಸ್ಥರು ಹೂಂ ಎಂದರು.

ತಾಯಿ ಮಗಳು ಮೇಲಿನ ಕೆಲವು ಮೆಟ್ಟಿಲುಗಳನ್ನು ಇನ್ನೂ ಹತ್ತುತ್ತಿದ್ದರು. ಅವರ ಪಕ್ಕದಲ್ಲಿ, ಮೆಟ್ಟಿಲ ಮೇಲ್ತುದಿಯಲ್ಲಿ, ಕಾವಲುಗಾರ ಹಗ್ಗವನ್ನು ಎರಡೂ ಕೈಗಳಿಂದ ತಲೆಯ ಮೇಲಕ್ಕೆ ಎತ್ತಿ ಹಿಡಿದು ನಿಂತಿದ್ದ. ಯಾವಾಗ ಎತ್ತಿದನೋ ಟೀಚರ್ ನೋಡಿರಲಿಲ್ಲ. ಸೀಟಿ ಅವನ ಬಾಯಲ್ಲೇ ಇತ್ತು, ಊದುತ್ತಿರಲಿಲ್ಲ. ರೈಲಿನ ಜನರೆಲ್ಲ ಅವನ ತೋಳುಗಳ ಕೆಳಗೆ ಹಾದು ರಸ್ತೆಗೆ ಹೋದರು. ಮೆಟ್ಟಿಲು ಖಾಲಿಯಾಯಿತು. ಮಗಳು ಕುರ್ಚಿ ಬಿಡಿಸಿ ತಾಯಿಯನ್ನು ಕೂರಿಸಿ, ಸೆರಗಿನಿಂದ ಅವಳ ಹಣೆ ಒರೆಸಿದಳು. ಉಸಿರು ತಹಬಂದಿಗೆ ಬಂದ ಮೇಲೆ ಮುದುಕಿ ಹಿಂದಿರುಗಿ ನೋಡಿದಳು. ಯಾರೂ ಇಲ್ಲದ ಮೆಟ್ಟಿಲ ಮೇಲೆ ಅವನು ಹಗ್ಗ ಎತ್ತಿಕೊಂಡು ಇನ್ನೂ ಹಾಗೇ ನಿಂತಿದ್ದ.

"ಇಳಿಸಪ್ಪ," ಎಂದಳು, "ಕೈ ನೋಯುತ್ತೆ."